ದಾರಿಯ ಋಣ

ಹಾದಿಗೆ ಮುಳ್ಳು ಹಚ್ಚುವವನನ್ನು ನಿಂದಿಸದ ನಾಡಿಲ್ಲ. ಊರ ದಾರಿಗೆ ಬೇಲಿ ಹಾಕಿದವನು, ಬಾವಿಗೆ ಹೋಗುವ ಕಾಲುದಾರಿಯನ್ನು ಉತ್ತು ತನ್ನ ಹೊಲಕ್ಕೆ ಸೇರಿಸಿಕೊಂಡವನು, ಸಂಕದ ಹಲಗೆಯನ್ನು ರಾತ್ರೋರಾತ್ರಿ ಕಿತ್ತವನು, ಇವರೆಲ್ಲರೂ ಅಪರಾಧಿಗಳೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಪಂಚಾಯಿತಿಯಾಗಲಿ ನ್ಯಾಯಸ್ಥಾನವಾಗಲಿ ಇಂಥವರನ್ನು ಕರೆದು ಕೇಳುತ್ತದೆ. ಆದರೆ ಹೊಳೆಯ ಕಡವಿನಲ್ಲಿ ದಿನವೂ ಓಡುತ್ತಿದ್ದ ದೋಣಿಯನ್ನು ಒಂದು ಬೆಳಗ್ಗೆ ಓಡಿಸದೆ ಬಿಟ್ಟವನ ವಿಷಯದಲ್ಲಿ ಏನು ಹೇಳತಕ್ಕದ್ದು? ಆತನು ಯಾರನ್ನೂ ಅಡ್ಡಗಟ್ಟಲಿಲ್ಲ. ಯಾರ ಮೇಲೂ ಕೈಮಾಡಲಿಲ್ಲ. ಹೊಳೆ ಮೊದಲೂ ಇತ್ತು, ಈಗಲೂ ಇದೆ. ಅದನ್ನು ಹರಿಸಿದವನು ಆತನಲ್ಲ. ಈಜಬಲ್ಲವನು ಈಜಬಹುದು, ಸುತ್ತಿ ಹೋಗಬಲ್ಲವನು ಸುತ್ತಿ ಹೋಗಬಹುದು. ಆತನು ಮಾಡಿದ್ದೇನು ಎಂದು ಕೇಳಿದರೆ 'ಏನೂ ಮಾಡಲಿಲ್ಲ' ಎಂಬುದೇ ಉತ್ತರವಾಗುತ್ತದೆ. ಏನೂ ಮಾಡದೆ ಇರುವುದು ಅಧರ್ಮವಾದೀತೆ ಎಂಬ ಈ ಪ್ರಶ್ನೆ ಕೇವಲ ತಾರ್ಕಿಕರ ಜಗಲಿಯ ಮೇಲೆ ಹುಟ್ಟಿದ್ದಲ್ಲ. ಅಮೆರಿಕದ ದಕ್ಷಿಣ ಸೀಮೆಯ ಒಂದು ಸಣ್ಣ ಕೌಂಟಿಯಲ್ಲಿ ಇದು ನಲವತ್ತನಾಲ್ಕು ವರ್ಷಗಳ ಕಾಲ ಜನರ ಬದುಕಾಗಿ ನಿಂತಿತ್ತು.

ಆ ಕೌಂಟಿಯ ಹೆಸರು ವಿಲ್ಕಾಕ್ಸ್. ಅಲಬಾಮ ಸಂಸ್ಥಾನದೊಳಗೆ ಅದು ಸುಮಾರು 900 ಚದರ ಮೈಲಿಗಳಷ್ಟು ಹಬ್ಬಿದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಹತ್ತು ಸಾವಿರಕ್ಕೆ ತುಸು ಮಿಕ್ಕ ಜನ. ಇತ್ತಣ ಲೆಕ್ಕದಲ್ಲಿ ಅದೊಂದು ಹೋಬಳಿಗೂ ಸಾಲದ ಜನಸಂಖ್ಯೆ, ಆದರೆ ತಾಲ್ಲೂಕಿಗಿಂತ ಮೇಲಾದ ಅಧಿಕಾರ. ಕಾಮ್‌ಡನ್ ಎಂಬ ಪಟ್ಟಣ ಅದರ ಕೇಂದ್ರಸ್ಥಾನ. ಕೋರ್ಟು, ದಾಖಲೆ ಕಛೇರಿ, ಖಜಾನೆ, ಅಂಗಡಿಬೀದಿ, ವೈದ್ಯ, ಎಲ್ಲವೂ ಅಲ್ಲಿಯೇ. ಕಾಮ್‌ಡನ್ನಿನ ಸಮೀಪದಲ್ಲಿ ಅಲಬಾಮ ನದಿ ಹಾವಿನಂತೆ ಹೊರಳಿ ಒಂದು ದೊಡ್ಡ ಬಾಗನ್ನು ಮಾಡಿಕೊಂಡಿದೆ. ಆ ಬಾಗಿನ ಒಳಗೆ, ಮೂರು ಕಡೆಯಲ್ಲಿಯೂ ನೀರಿನಿಂದ ಸುತ್ತುವರಿದು, ಗೀಸ್ ಬೆಂಡ್ ಎಂಬ ಗ್ರಾಮವಿದೆ. 1949ರಿಂದ ಅದರ ಅಧಿಕೃತ ಹೆಸರು ಬಾಯ್ಕಿನ್. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ನದಿಯನ್ನು ನೇರವಾಗಿ ದಾಟಿದರೆ ಕಾಮ್‌ಡನ್ ಕೆಲವೇ ಮೈಲಿ. ದಾಟದಿದ್ದರೆ ಬಾಗಿನ ಬಾಯಿಯಿಂದ ಹೊರಬಿದ್ದು, ದೂರದ ಸೇತುವೆಯನ್ನು ಹುಡುಕಿಕೊಂಡು, ಸುಮಾರು ನಲವತ್ತು ಮೈಲಿ ಸುತ್ತಬೇಕು.

ಈ ಗ್ರಾಮದವರು ಬಹುಮಟ್ಟಿಗೆ ಗುಲಾಮರ ಸಂತತಿ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಗೀ ಎಂಬಾತನು ಇಲ್ಲಿ ಹತ್ತಿಯ ತೋಟ ಮಾಡಿದನು; 1845ರಲ್ಲಿ ಅದು ಪೆಟ್‌ವೇ ಎಂಬಾತನ ಕೈಸೇರಿತು. ದಾಸ್ಯ ಹೋದ ಮೇಲೂ ಒಡೆಯನ ಮನೆತನದ ಹೆಸರು ದಾಸರ ಮಕ್ಕಳಿಗೆ ಅಂಟಿಕೊಂಡಿತು. ಇಂದಿಗೂ ಊರಲ್ಲಿ ಎತ್ತ ನೋಡಿದರೂ ಪೆಟ್‌ವೇಗಳೇ. ಬಿಡುಗಡೆಯಾದವರು ಅದೇ ನೆಲದಲ್ಲಿ ಕೋರುಪಾಲಿಗೆ ಉಳುತ್ತ, ಸಾಲದ ಮೇಲೆ ಸಾಲ ಹೊರುತ್ತ ಬಾಳಿದರು. 1932ರಲ್ಲಿ ಸಾಲ ಕೊಟ್ಟಿದ್ದ ವರ್ತಕನು ಸತ್ತಾಗ, ಆತನ ಉತ್ತರಾಧಿಕಾರಿಗಳು ಬಂದು ಸುಮಾರು ಅರವತ್ತು ಸಂಸಾರಗಳ ದನಕರು, ನೇಗಿಲು, ಗಾಡಿ, ಕಾಳುಕಡ್ಡಿಗಳನ್ನೆಲ್ಲ ಜಪ್ತಿಮಾಡಿಕೊಂಡು ಹೋದರು. ಆ ಚಳಿಗಾಲವನ್ನು ರೆಡ್‌ಕ್ರಾಸಿನವರು ಕೊಟ್ಟ ದವಸದ ಮೇಲೆ ಊರು ದಾಟಿತು. ಆಮೇಲೆ ಬಂದದ್ದು ಅಧ್ಯಕ್ಷ ರೂಸ್‌ವೆಲ್ಟರ ಕಾಲದ ಪುನರ್ವಸತಿ ಯೋಜನೆ. ಕೇಂದ್ರ ಸರಕಾರವು 1937ರ ಸುಮಾರಿಗೆ ಆ ಭೂಮಿಯನ್ನು ಕೊಂಡು, ಮುಂದೆ 1940ರ ದಶಕದಲ್ಲಿ ಅದನ್ನು ತುಂಡುಮಾಡಿ ಉಳುವವರಿಗೇ ಕಂತಿನ ಮೇಲೆ ಮಾರಿತು. ಹೀಗೆ ವಿಲ್ಕಾಕ್ಸ್ ಕೌಂಟಿಯ ಕರಿಯ ಜನರಲ್ಲಿ ಗೀಸ್ ಬೆಂಡಿನವರು ಸ್ವಂತ ಮನೆ, ಸ್ವಂತ ನೆಲ ಉಳ್ಳವರಾದರು. ಮುಂದಿನ ಕಥೆಯ ಕೀಲು ಇರುವುದು ಇಲ್ಲಿಯೇ. ಆದುದರಿಂದ ಇದನ್ನು ಮರೆಯಬಾರದು.

1960ರ ದಶಕದ ಆದಿಯಲ್ಲಿ ಈ ಜನ ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು ಬರೆಯಿಸಲು ಹೊರಟರು. ಕೌಂಟಿಯ ಜನರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕವರು ಕರಿಯರು. ಆದರೆ 1965ನೆಯ ಇಸವಿ ಹುಟ್ಟಿದಾಗಲೂ ಆ ಪಟ್ಟಿಯಲ್ಲಿ ಒಬ್ಬ ಕರಿಯನ ಹೆಸರೂ ಇರಲಿಲ್ಲ. ಹೆಸರು ಬರೆಯಿಸತಕ್ಕ ಕಛೇರಿ ಕಾಮ್‌ಡನ್ನಿನಲ್ಲಿ. ಬೇರೆ ಊರುಗಳಲ್ಲಿ ಹೀಗೆ ತಲೆಯೆತ್ತಿದ ಒಕ್ಕಲನ್ನು ಬಿಳಿಯ ಜಮೀನುದಾರನು ಮನೆ ಬಿಡಿಸಿ ಬೀದಿಗೆ ಹಾಕುವುದಿತ್ತು. ಗೀಸ್ ಬೆಂಡಿನವರನ್ನು ಒಕ್ಕಲೆಬ್ಬಿಸಲು ಜಮೀನುದಾರನೇ ಇಲ್ಲ. ಅವರ ಬದುಕಿನ ಒಂದೇ ಒಂದು ಹಗ್ಗ ಅನ್ಯರ ಕೈಯಲ್ಲಿತ್ತು, ಅದು ಕಡವಿನ ಹಗ್ಗ. 1962ರಲ್ಲಿ ನದಿ ದಾಟಿಸುತ್ತಿದ್ದ ದೋಣಿ ನಿಂತಿತು. ಮತ್ತೆ ಅದು ನೀರಿಗಿಳಿದದ್ದು 2006ರ ಸೆಪ್ಟೆಂಬರಿನಲ್ಲಿ.

ದೋಣಿ ನಿಂತ ಕಾರಣವನ್ನು ಆ ಸೀಮೆಯಲ್ಲಿ ಬಲ್ಲವರೆಲ್ಲ ಬಲ್ಲರು. ಆದರೂ ವಿಚಾರದ ಸಲುವಾಗಿ, ದುರುದ್ದೇಶವೆಂಬುದನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ನೋಡುವುದು ಉಚಿತ. ಉದ್ದೇಶ ಕೆಟ್ಟದ್ದಾದರೆ ಕೃತ್ಯ ಕೆಟ್ಟದ್ದು ಎಂದು ಹೇಳಿ ಮುಗಿಸುವುದು ಸುಲಭ. ಹಾಗೆ ಹೇಳಿದವನು, ಉದ್ದೇಶ ಬರಿಯ ಮಿತವ್ಯಯವಾಗಿದ್ದರೆ ಕೃತ್ಯ ನಿರ್ದೋಷವಾಗುತ್ತಿತ್ತೆಂದು ಒಪ್ಪಬೇಕಾಗುತ್ತದೆ. ಜಗತ್ತಿನ ತುಂಬ ದೋಣಿಗಳನ್ನೂ ಬಸ್ಸುಗಳನ್ನೂ ನಿಲ್ಲಿಸುವವರು ದುಷ್ಟರಲ್ಲ, ಲೆಕ್ಕಿಗರು. ಅವರ ಮಾತನ್ನು ಗೌರವದಿಂದ ಕೇಳಿ ಉತ್ತರ ಕೊಡಬೇಕು.

ಲೆಕ್ಕಿಗನು ಮೊದಲು ಹೇಳುವುದು, ದೋಣಿ ಕೃಪೆಯಿಂದ ಕೊಟ್ಟದ್ದು, ಹಕ್ಕಿನಿಂದ ಪಡೆದದ್ದಲ್ಲ ಎಂದು. ಕೊಟ್ಟವನು ಕೊಡುವುದನ್ನು ನಿಲ್ಲಿಸಿದರೆ ಆತನಲ್ಲಿ ಔದಾರ್ಯ ಕಡಿಮೆಯಾಯಿತೆನ್ನಬಹುದೇ ಹೊರತು ಅನ್ಯಾಯ ನಡೆಯಿತೆನ್ನಲಾಗದು. ಅನ್ನಸತ್ರ ಮುಚ್ಚಿದ ಧರ್ಮಿಷ್ಠನ ಮೇಲೆ ಹಸಿದವನು ದಾವೆ ಹೂಡುವುದುಂಟೆ? ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನವೊಂದಿದೆ. ಬಹುಕಾಲ ಕೊಟ್ಟದ್ದರ ಮೇಲೆ ಜನ ತಮ್ಮ ಬಾಳನ್ನು ಕಟ್ಟಿಕೊಳ್ಳುತ್ತಾರೆ. ದೋಣಿಯಿದೆಯೆಂದು ನಂಬಿ ಮನೆ ಕಟ್ಟುತ್ತಾರೆ, ಆಚೆಯ ದಡಕ್ಕೆ ಮಗಳನ್ನು ಕೊಡುತ್ತಾರೆ, ಅಲ್ಲಿಯ ಅಂಗಡಿಯಲ್ಲಿ ಲೆಕ್ಕ ಇಡುತ್ತಾರೆ. ಆ ನಂಬಿಕೆಯನ್ನು ಬೆಳೆಯಿಸಿದವನು ಅದನ್ನು ಕತ್ತರಿಸಿದರೆ 'ಏನೂ ಮಾಡಲಿಲ್ಲ' ಎಂದು ಹೇಳಿಕೊಳ್ಳಲಾರನು. ಈ ಸಮಾಧಾನದಲ್ಲಿ ಸತ್ಯವಿದೆ. ಆದರೆ ಅದು ಸಾಲದು, ಮಾತ್ರವಲ್ಲ, ಒಂದು ವಿಪರೀತಕ್ಕೂ ಎಡೆಗೊಡುತ್ತದೆ. ಎಂದೂ ದೋಣಿಯನ್ನೇ ಕಾಣದ ಊರು ಹಾಗಾದರೆ ಏನನ್ನೂ ಕೇಳುವಂತಿಲ್ಲ! ಒಮ್ಮೆ ಪಡೆದು ಕಳೆದುಕೊಂಡವನಿಗೆ ಹಕ್ಕು. ಎಂದಿನಿಂದಲೂ ವಂಚಿತನಾದವನಿಗೆ ಮೌನ. ಹೆಚ್ಚು ಅನ್ಯಾಯಕ್ಕೆ ಕಡಿಮೆ ಪರಿಹಾರವೆಂಬ ಈ ನ್ಯಾಯವನ್ನು ಯಾವ ವಿವೇಕಿಯೂ ಒಪ್ಪಲಾರನು. ಆದುದರಿಂದ ಅಡಿಗಲ್ಲನ್ನು ಬೇರೆ ಕಡೆಯಲ್ಲಿ ಹುಡುಕಬೇಕು.

ಆ ಅಡಿಗಲ್ಲು ದೋಣಿಯಲ್ಲಿಲ್ಲ, ಕಾಮ್‌ಡನ್ನಿನಲ್ಲಿದೆ. ನದಿಯನ್ನು ಯಾರೂ ಹರಿಸಲಿಲ್ಲ ನಿಜ. ಆದರೆ ಕೇಂದ್ರಸ್ಥಾನವನ್ನು ಒಂದು ದಡದಲ್ಲಿ ಇಟ್ಟವರು ಮನುಷ್ಯರು. ತೆರಿಗೆ ಕಟ್ಟಬೇಕಾದರೆ ಇಲ್ಲಿಗೆ ಬಾ. ಹೊಲದ ಪತ್ರ ನೋಂದಾಯಿಸಬೇಕಾದರೆ ಇಲ್ಲಿಗೆ ಬಾ. ಕೋರ್ಟಿನ ಸಮನ್ಸು ಬಂದರೆ ತಪ್ಪದೆ ಇಲ್ಲಿಗೆ ಬಾ. ಪ್ರಜೆಯೆನ್ನಿಸಿಕೊಳ್ಳಬೇಕಾದರೆ ಮತದಾರರ ಪಟ್ಟಿಯಲ್ಲಿ ಹೆಸರು ಬರೆಯಿಸಲು ಇಲ್ಲಿಗೆ ಬಾ. ಹೀಗೆ ಸರಕಾರವು ಎರಡು ದಡದ ಪ್ರಜೆಗಳನ್ನೂ ಒಂದು ದಡಕ್ಕೆ ಕರೆಯುತ್ತದೆ. ಕರೆಯುವುದಷ್ಟೇ ಅಲ್ಲ, ಬಾರದಿದ್ದರೆ ದಂಡಿಸುತ್ತದೆ. ಅನ್ನಸತ್ರದ ಧರ್ಮಿಷ್ಠನು ಯಾರನ್ನೂ ಊಟಕ್ಕೆ ಬರಲೇಬೇಕೆಂದು ಕಟ್ಟಳೆ ಮಾಡಿದವನಲ್ಲ. ಬರಲೇಬೇಕೆಂದು ಕರೆಯುವವನು ಬರುವುದಕ್ಕೆ ದಾರಿ ಕೊಡಬೇಕೆಂಬುದು ಕೃಪೆಯ ಮಾತಲ್ಲ, ಕರೆಯ ಒಳಗೇ ಇರುವ ಕರಾರು. ಮದುವೆಗೆ ಕರೆದು ಬಾಗಿಲಿಗೆ ಅಗಳಿ ಹಾಕುವವನ ನಡತೆಗೂ ಇದಕ್ಕೂ ವ್ಯತ್ಯಾಸವೆಲ್ಲಿ? ಹೀಗೆ ನೋಡಿದರೆ ಎಂದೂ ದೋಣಿ ಕಾಣದ ಊರಿನ ಹಕ್ಕು ಕಡಿಮೆಯಾಗುವುದಿಲ್ಲ. ಆ ಊರಿಗೂ ಸಮನ್ಸು ಹೋಗುತ್ತದೆ, ತೆರಿಗೆಯ ಚೀಟಿ ಹೋಗುತ್ತದೆ, ದೋಣಿಯೂ ಹೋಗಬೇಕು.

'ಸುತ್ತುದಾರಿ ಇದೆಯಲ್ಲ' ಎಂಬುದು ಲೆಕ್ಕಿಗನ ಎರಡನೆಯ ಮಾತು. ನಲವತ್ತು ಮೈಲಿ ಮೋಟಾರಿಗೆ ಒಂದು ಗಂಟೆಯ ದೂರ. ಮೋಟಾರು ಇದ್ದವನಿಗೆ, ಎಂಬ ಎರಡು ಪದಗಳನ್ನು ಇಲ್ಲಿ ಸೇರಿಸಿಕೊಳ್ಳಬೇಕು. ಗೀಸ್ ಬೆಂಡಿಗೆ ಹೋಗುವ ರಸ್ತೆ 1960ರ ದಶಕದ ಉತ್ತರಾರ್ಧದವರೆಗೂ ಡಾಂಬರನ್ನು ಕಂಡಿರಲಿಲ್ಲ. ಮಳೆಗಾಲದಲ್ಲಿ ಆ ಕೆಂಪು ಮಣ್ಣು ಏನಾಗುತ್ತಿತ್ತೆಂಬುದನ್ನು ಮಲೆನಾಡಿನ ವಾಚಕರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಊರವರಲ್ಲಿ ಹಲವರ ಬಳಿ ಹೇಸರಗತ್ತೆಯ ಗಾಡಿ ಬಿಟ್ಟು ಬೇರೆ ವಾಹನವಿರಲಿಲ್ಲ. ಇಂಥವರಿಗೆ ನಲವತ್ತು ಮೈಲಿಯೆಂದರೆ ಒಂದು ಗಂಟೆಯಲ್ಲ, ಒಂದು ಹಗಲು; ಹಿಂತಿರುಗಲು ಇನ್ನೊಂದು. ದೂರವನ್ನು ಮೈಲಿಕಲ್ಲಿನಿಂದ ಅಳೆಯುವುದು ಸರ್ವೆಯವರ ಪದ್ಧತಿ. ಒಬ್ಬನ ದುಡಿಮೆಯಲ್ಲಿ ಎಷ್ಟು ದಿನಗಳನ್ನು ಅದು ತಿನ್ನುತ್ತದೆಂದು ಅಳೆದರೆ ಒಂದೇ ರಸ್ತೆ ಇಬ್ಬರಿಗೆ ಎರಡು ಉದ್ದವಾಗಿರುತ್ತದೆ.

ಇದೇ ಅಲಬಾಮದ ರಾಜಧಾನಿ ಮಾಂಟ್‌ಗೋಮರಿಯಲ್ಲಿ 1955ರ ಡಿಸೆಂಬರಿನಿಂದ ಮುಂದಿನ ವರ್ಷದ ಡಿಸೆಂಬರಿನವರೆಗೆ, 381 ದಿನಗಳ ಕಾಲ, ಕರಿಯ ಜನ ನಗರದ ಬಸ್ಸುಗಳನ್ನು ಬಹಿಷ್ಕರಿಸಿದ ಸಂಗತಿ ಲೋಕವಿದಿತ. ಆ ಚಳವಳಿಯಿಂದ ಮುಂದೆ ಬಂದ ಮಾರ್ಟಿನ್ ಲೂಥರ್ ಕಿಂಗರು ಗಾಂಧೀಜಿಯವರ ಸತ್ಯಾಗ್ರಹದಿಂದ ಬೆಳಕು ಪಡೆದವರೆಂಬುದೂ ತಿಳಿದದ್ದೇ. ಬಸ್ಸಿನೊಳಗೆ ಯಾವ ಆಸನ ಯಾರಿಗೆಂಬ ಪ್ರಶ್ನೆಯನ್ನು ಎತ್ತಿದವರು ನಡೆದು ಗೆದ್ದರು. ಆದರೆ ಬಹಿಷ್ಕರಿಸಬೇಕಾದರೆ ಮೊದಲು ಬಸ್ಸು ಇರಬೇಕು. ಬಸ್ಸಿನ ಕಂಪನಿಗೆ ಪ್ರಯಾಣಿಕರ ಕಾಸು ಬೇಕಾಗಿತ್ತು. ಅದು ತಪ್ಪಿದಾಗ ಕಂಪನಿಗೆ ನೋವಾಯಿತು. ವಿಲ್ಕಾಕ್ಸಿನ ಹಳ್ಳಿಯವನು ನಡೆದರೆ ಯಾರಿಗೆ ನೋವು? ಅವನು ಮೊದಲೇ ನಡೆಯುತ್ತಿದ್ದನು. ಹಿಂದಿನ ಆಸನದಲ್ಲಿ ಕೂರಿಸುವ ಅವಮಾನ ಕಣ್ಣಿಗೆ ಕಾಣುವಂಥದು. ಅದರ ಛಾಯಾಚಿತ್ರ ತೆಗೆಯಬಹುದು, ಅದರ ಮೇಲೆ ವ್ಯಾಜ್ಯ ಹೂಡಬಹುದು. ಇಲ್ಲದ ದೋಣಿಯ ಚಿತ್ರವನ್ನು ಯಾರು ತೆಗೆದಾರು? ಬರಿಯ ನೀರು ಕಾಣುತ್ತದೆ, ಅಷ್ಟೆ. ಕಿಂಗರು 1965ರ ಫೆಬ್ರವರಿಯಲ್ಲಿ ಗೀಸ್ ಬೆಂಡಿಗೆ ಬಂದು ರಾತ್ರಿಯ ಮಳೆಯಲ್ಲಿ ಅಲ್ಲಿಯ ಚರ್ಚಿನಲ್ಲಿ ಮಾತಾಡಿದರು. ಆಗಸ್ಟಿನಲ್ಲಿ ಮತದಾನದ ಹಕ್ಕಿನ ಶಾಸನವಾಯಿತು. ಶಾಸನವು ಪಟ್ಟಿಯನ್ನು ತೆರೆಯಿತು; ನದಿಯನ್ನು ದಾಟಿಸಲಿಲ್ಲ.

ಇಲ್ಲಿ ಒಂದು ವಿಷಯವನ್ನು ಬಿಚ್ಚಿ ಹೇಳುವುದು ಒಳ್ಳೆಯದು. ನಿಲ್ಲಿಸಿದವರು ದುಷ್ಟರೆಂದು ಒಪ್ಪಿದರೂ, ನಿಂತದ್ದನ್ನು ನಿಂತಂತೆ ಇಟ್ಟವರು ಯಾರು? 1962ರ ಅಧಿಕಾರಿಗಳು ನಲವತ್ತನಾಲ್ಕು ವರ್ಷ ಅಧಿಕಾರದಲ್ಲಿರಲಿಲ್ಲ. 1978ರ ಚುನಾವಣೆಯಲ್ಲಿ ಅದೇ ಕೌಂಟಿಗೆ ಕರಿಯರೊಬ್ಬರು ಷೆರೀಫರಾಗಿ ಆರಿಸಿಬಂದರು. ಆದರೂ ದೋಣಿ ಬರಲಿಲ್ಲ. ನಡುವೆ ಅದೇ ನದಿಗೆ 1960ರ ದಶಕದಲ್ಲಿ ಮಿಲ್ಲರ್ಸ್ ಫೆರಿ ಎಂಬಲ್ಲಿ ಅಣೆಕಟ್ಟು ಕಟ್ಟುವ ಕೆಲಸ ನಡೆಯಿತು; ವಿದ್ಯುತ್ತಿಗಾಗಿ, ಸರಕು ನೌಕೆಗಳ ಸಂಚಾರಕ್ಕಾಗಿ. ಹಿನ್ನೀರು ಏರಿ ಗೀಸ್ ಬೆಂಡಿನ ತಗ್ಗಿನ ಒಳ್ಳೆಯ ಹೊಲಗಳನ್ನು ನುಂಗಿತು, ಕಡವನ್ನು ಮೊದಲಿಗಿಂತ ಅಗಲಮಾಡಿತು. ಅಣೆಕಟ್ಟಿನ ಸ್ಥಳದ ಹೆಸರಿನಲ್ಲಿಯೇ ಹಳೆಯ ಕಡವೊಂದರ ನೆನಪಿದೆಯೆಂಬುದು ವಿಧಿಯ ಹಾಸ್ಯವಿರಬೇಕು. ನದಿಯನ್ನು ತಡೆಯಲು ಹಣವಿತ್ತು, ದಾಟಲು ಇರಲಿಲ್ಲ. ಈ ವರ್ಷಗಳಲ್ಲಿ ಯಾರಲ್ಲಿಯೂ ದ್ವೇಷವಿರಬೇಕಾದ ಅವಶ್ಯಕತೆಯೇ ಇಲ್ಲ. ದ್ವೇಷವು ಒಂದು ದಿನದ ಕೆಲಸ ಮಾಡಿ ಹೋಗಿತ್ತು. ಉಳಿದ ಹದಿನಾರು ಸಾವಿರ ದಿನಗಳನ್ನು ನೋಡಿಕೊಂಡದ್ದು ಔದಾಸೀನ್ಯ. ನೀತಿಶಾಸ್ತ್ರವು ದ್ವೇಷಕ್ಕೆ ಪುಟಗಟ್ಟಲೆ ಇಟ್ಟು ಔದಾಸೀನ್ಯಕ್ಕೆ ಒಂದು ಅಡಿಟಿಪ್ಪಣಿಯನ್ನು ಮಾತ್ರ ಕೊಡುವ ರೂಢಿ ಎಲ್ಲ ಭಾಷೆಗಳಲ್ಲಿಯೂ ಇದೆ. ಅದು ಅಷ್ಟು ಸರಿಯಾದ ಹಂಚಿಕೆಯಲ್ಲ.

ರಸ್ತೆ ಯಾರಿಗಾಗಿ ಎಂಬ ಪ್ರಶ್ನೆಗೆ ಅಲಬಾಮದ ಈ ಸೀಮೆ ಮೊದಲಿನಿಂದಲೂ ಕೊಟ್ಟ ಉತ್ತರವೊಂದಿದೆ. ಇದನ್ನು ಅಲ್ಲಿಯವರು 'ಕಪ್ಪು ಪಟ್ಟಿ' ಎಂದು ಕರೆಯುವರು. ಆ ಹೆಸರು ಮೊದಲು ಬಂದದ್ದು ಜನರ ಬಣ್ಣದಿಂದಲ್ಲ, ಎರೆಮಣ್ಣಿನ ಬಣ್ಣದಿಂದ. ಎರೆಮಣ್ಣು ಎಂದಮೇಲೆ ಹತ್ತಿ; ಹತ್ತಿ ಎಂದಮೇಲೆ ಅಂಡಿಗೆ. ಅಲಬಾಮ ನದಿಯ ಉದ್ದಕ್ಕೂ ಇದ್ದ ಕಟ್ಟೆಗಳಲ್ಲಿ ಉಗಿಹಡಗುಗಳು ನಿಂತು ಅಂಡಿಗೆಗಳನ್ನು ಹೇರಿಕೊಂಡು ಮೊಬೀಲ್ ಬಂದರಿಗೆ ಒಯ್ಯುತ್ತಿದ್ದವು. ಬೆಳೆದವನು ದಡದಲ್ಲಿ ಉಳಿದನು, ಬೆಳೆ ಕಡಲು ದಾಟಿತು. ಈ ಹತ್ತಿಗೂ ಕನ್ನಡನಾಡಿಗೂ ನಿಜವಾದ ನಂಟೊಂದಿದೆ. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸಿನ ಬೀಜವನ್ನು ತಂದು ಧಾರವಾಡದ ಸೀಮೆಯಲ್ಲಿ ಬಿತ್ತಿದರು. 'ಧಾರವಾಡ ಅಮೆರಿಕನ್' ಎಂಬ ಹತ್ತಿ ಹುಟ್ಟಿತು. 1861ರಲ್ಲಿ ಅಮೆರಿಕದೊಳಗಿನ ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಈ ಕಡೆ ಬಿತ್ತು. ಎರೆಸೀಮೆಯಿಂದ ಘಟ್ಟ ಇಳಿದು ಕಾರವಾರದ ಬಂದರಿಗೆ ದಾರಿಯಾಗಬೇಕೆಂದು ಆ ವರ್ತಕರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರಲ್ಲಿಯೂ ಆ ಒತ್ತಾಯದ ಪಾಲಿದೆ. ಅಂಡಿಗೆಗಾಗಿ ಘಟ್ಟವನ್ನು ಕಡಿಯಬಹುದು, ಜಿಲ್ಲೆಯನ್ನೇ ಪ್ರಾಂತದಿಂದ ಪ್ರಾಂತಕ್ಕೆ ಸಾಗಿಸಬಹುದು. ಅದೇ ಘಟ್ಟದ ಒಳಗಿನ ಹಳ್ಳಿಯ ಬಸುರಿ ಹೆಂಗಸಿಗಾಗಿ ಒಂದು ಸಂಕ ಕಟ್ಟುವುದಕ್ಕೆ ಎಷ್ಟು ಅರ್ಜಿ ಬೇಕು! ಅಂಡಿಗೆಗೆ ಇದ್ದ ಹಕ್ಕು ಅಂಡಿಗೆಯನ್ನು ತುಂಬಿದವರಿಗೆ ಎರಡು ಖಂಡಗಳಲ್ಲಿಯೂ ಇರಲಿಲ್ಲ.

ಲೆಕ್ಕಿಗನ ಮೂರನೆಯ ಮಾತೇ ಎಲ್ಲಕ್ಕಿಂತ ಬಲವಾದದ್ದು: ಜನ ಕಡಿಮೆ, ವೆಚ್ಚ ಹೆಚ್ಚು. ಕೆಲವು ನೂರು ಜನರ ಊರಿಗೆ ದೋಣಿ, ದಕ್ಕೆ, ನಾವಿಕರು, ಎಣ್ಣೆ. ಅದೇ ಹಣದಿಂದ ದೊಡ್ಡ ಪಟ್ಟಣದಲ್ಲಿ ಹತ್ತು ಪಟ್ಟು ಜನರಿಗೆ ಉಪಕಾರವಾಗಬಹುದು. ಹಣ ಯಾರದಾದರೂ ಆಗಲಿ, ಹೆಚ್ಚು ಜನರ ಹಿತಕ್ಕೆ ವಿನಿಯೋಗಿಸಬೇಕೆಂಬ ಮಾತು ತಳ್ಳಿಹಾಕತಕ್ಕದ್ದಲ್ಲ. ಆದರೆ ಈ ಎಣಿಕೆಯಲ್ಲಿ ಒಂದು ಮೋಸ ಅಡಗಿದೆ. ದೋಣಿಯಿಲ್ಲದ ಕಡವಿನಲ್ಲಿ ದಾಟುವವರನ್ನು ಎಣಿಸಿದರೆ ಸೊನ್ನೆ ಬರುತ್ತದೆ. ಆ ಸೊನ್ನೆಯನ್ನೇ ಹಿಡಿದು ದೋಣಿ ಬೇಡವೆನ್ನುವುದು, ಉಪವಾಸವಿದ್ದವನು ನಿನ್ನೆ ಉಣ್ಣಲಿಲ್ಲವಾದುದರಿಂದ ಇಂದು ಅವನಿಗೆ ಹಸಿವಿಲ್ಲವೆಂದಂತೆ. ಬಸ್ಸು ವಾರಕ್ಕೊಮ್ಮೆ ಬಂದರೆ ಹತ್ತುವವರು ಕಡಿಮೆ. ಹತ್ತುವವರು ಕಡಿಮೆಯೆಂದು ಅದನ್ನು ತಿಂಗಳಿಗೊಮ್ಮೆ ಮಾಡಿದರೆ ಇನ್ನೂ ಕಡಿಮೆ. ಬಲ್ಲ ಯುವಕರು ಊರು ಬಿಡುತ್ತಾರೆ. ಮುದುಕರು ಉಳಿಯುತ್ತಾರೆ. ಆಮೇಲೆ ಲೆಕ್ಕಿಗನು ಬಂದು ಜನಸಂಖ್ಯೆಯನ್ನು ಬರೆದುಕೊಂಡು, ನೋಡಿದಿರಾ ಎನ್ನುತ್ತಾನೆ. ಸೌಕರ್ಯವು ಅಗತ್ಯವನ್ನು ಹಿಂಬಾಲಿಸುತ್ತದೆಂದು ಅವನ ನಂಬಿಕೆ. ಅಗತ್ಯವೂ ಸೌಕರ್ಯವನ್ನು ಹಿಂಬಾಲಿಸುತ್ತದೆಂಬುದು ಅವನ ಕೋಷ್ಟಕದಲ್ಲಿ ಕಾಣದು.

ಇನ್ನು ಹಣದ ಮಾತು ಬಂದದ್ದರಿಂದ ಅಲಬಾಮದ ರಾಜ್ಯಾಂಗದ ಒಂದು ವಿಧಿಯನ್ನು ಇಲ್ಲಿ ನೆನೆಯಬೇಕು. 1952ರಲ್ಲಿ ಸೇರಿಸಿದ ಒಂದು ತಿದ್ದುಪಡಿಯ ಪ್ರಕಾರ ಇಂಧನದ ಮೇಲಿನ ತೆರಿಗೆಯನ್ನೂ ವಾಹನಗಳ ನೋಂದಣಿಯ ಶುಲ್ಕವನ್ನೂ ಹೆದ್ದಾರಿ, ಸೇತುವೆ ಮೊದಲಾದ ರಸ್ತೆಯ ಕೆಲಸಗಳಿಗಲ್ಲದೆ ಸಾರ್ವಜನಿಕ ವಾಹನ ಓಡಿಸುವುದಕ್ಕೆ ವಿನಿಯೋಗಿಸಲಾಗದು. ರಸ್ತೆ ಎಲ್ಲರಿಗೂ ಸಮಾನವೆಂಬ ಭಾವನೆ ಇದರ ಹಿಂದೆ ಇದ್ದಿರಬಹುದು. ಆದರೆ ಕಾರಿಲ್ಲದವನಿಗೆ ನುಣುಪಾದ ಹೆದ್ದಾರಿಯೆಂದರೆ ಹಲ್ಲಿಲ್ಲದವನಿಗೆ ಕಡಲೆ. 2018ರಲ್ಲಿ ಅಲ್ಲಿಯ ಶಾಸನಸಭೆಯು ಸಾರ್ವಜನಿಕ ಸಾರಿಗೆಗೆಂದು ಒಂದು ನಿಧಿಯನ್ನು ಸ್ಥಾಪಿಸಿತು. ಅದಕ್ಕೆ ಹಣ ಎಲ್ಲಿಂದ ಬರಬೇಕೆಂಬುದನ್ನು ಮಾತ್ರ ಗೊತ್ತುಮಾಡಲಿಲ್ಲ. ಪಾತ್ರೆ ಬಂತು, ಅಕ್ಕಿ ಬರಲಿಲ್ಲ. ಹಳ್ಳಿಗಾಡಿನ ಸಾರಿಗೆಗೆ 1978ರ ಕಾಯಿದೆಯಿಂದ ಕೇಂದ್ರ ಸರಕಾರ ಕೊಡುತ್ತ ಬಂದಿರುವ ನೆರವೇ ಅಂಥ ಕೌಂಟಿಗಳ ಆಧಾರ. ಆ ನೆರವಿನ ಜೊತೆಗೆ ಸ್ಥಳೀಯರೂ ತಮ್ಮ ಪಾಲನ್ನು ಹಾಕಬೇಕೆಂಬ ನಿಯಮವಿದೆ. ಬಡ ಕೌಂಟಿಗೆ ಆ ಪಾಲೇ ಭಾರ. ಇಂಥ ನೆರವಿನಿಂದ ಓಡುವ ಸಣ್ಣ ವ್ಯಾನುಗಳಿಗೆ ಹಿಂದಿನ ದಿನವೇ ಹೇಳಿಕಳುಹಿಸಬೇಕಾಗುವುದು ಸಾಮಾನ್ಯ. ಜ್ವರ ಬರುವುದನ್ನು ಹಿಂದಿನ ದಿನವೇ ಬಲ್ಲವನಿಗೆ ಅದು ಅನುಕೂಲವೇ ಸರಿ.

ಕರೆಯುವವನು ದಾರಿ ಕೊಡಬೇಕೆಂಬ ಕರಾರು ಹಳೆಯ ಕಥೆಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವಂತಿಲ್ಲ. ಮತ ಹಾಕುವವನು ಭಾವಚಿತ್ರವುಳ್ಳ ಗುರುತಿನ ಚೀಟಿ ತೋರಿಸಬೇಕೆಂದು ಅಲಬಾಮದಲ್ಲಿ 2011ರಲ್ಲಿ ಶಾಸನವಾಯಿತು. 2014ರಿಂದ ಅದು ಜಾರಿಗೆ ಬಂತು. ಮೋಟಾರು ನಡೆಸುವ ಪರವಾನಿಗೆಯೇ ಬಹುಜನರ ಗುರುತಿನ ಚೀಟಿ. 2015ರಲ್ಲಿ ಹಣದ ಅಭಾವವೆಂದು ಹೇಳಿ ಸಂಸ್ಥಾನದ ಸರಕಾರವು ಪರವಾನಿಗೆ ಕೊಡುವ 31 ಕಛೇರಿಗಳನ್ನು ಮುಚ್ಚಿತು. ಕಪ್ಪು ಪಟ್ಟಿಯ ಬಡ ಕೌಂಟಿಗಳ ಹಲವು ಕಛೇರಿಗಳು ಆ ಪಟ್ಟಿಯಲ್ಲಿದ್ದವು. ಅವು ವಾರದಲ್ಲೊಂದೆರಡು ದಿನ, ತಿಂಗಳಲ್ಲೊಂದೆರಡು ದಿನ ತೆರೆಯುತ್ತಿದ್ದ ಕಛೇರಿಗಳು, ಅಲ್ಲಿಗೆ ಬರುತ್ತಿದ್ದವರೂ ಕಡಿಮೆಯೆಂದು ಸಮಾಧಾನ ಹೇಳಲಾಯಿತು. ಕೇಂದ್ರದ ಸಾರಿಗೆ ಇಲಾಖೆ ವಿಚಾರಣೆ ನಡೆಸಿದ ಮೇಲೆ 2016ರ ಕೊನೆಯಲ್ಲಿ ಅವುಗಳ ಸೇವೆಯನ್ನು ಮರಳಿ ಹೆಚ್ಚಿಸುವ ಒಪ್ಪಂದವಾಯಿತು. ಚೀಟಿ ತರಬೇಕೆಂಬ ಕಟ್ಟಳೆಯನ್ನು ಮಾಡುವ ಕೈ ಒಂದು, ಚೀಟಿ ಕೊಡುವ ಕಛೇರಿಯನ್ನು ಮುಚ್ಚುವ ಕೈ ಇನ್ನೊಂದು. ಎರಡೂ ಒಂದೇ ದೇಹದವು. ಪ್ರತಿಯೊಂದು ಕೈಯೂ ತನ್ನ ಕೆಲಸವನ್ನು ಬೇರೆಯಾಗಿ ಸಮರ್ಥಿಸಿಕೊಳ್ಳಬಲ್ಲದು. ನೋವು ಉಂಟಾಗುವುದು ಅವೆರಡೂ ಸೇರುವ ಎಡೆಯಲ್ಲಿ, ಅಂದರೆ ಕಾರಿಲ್ಲದ ಒಬ್ಬ ಮುದುಕಿಯ ಮನೆಯಂಗಳದಲ್ಲಿ.

ದೋಣಿಯಿಲ್ಲದ ವರ್ಷಗಳಲ್ಲಿ ಗೀಸ್ ಬೆಂಡಿನ ಹೆಂಗಸರು ಕೌದಿ ಹೊಲಿಯುತ್ತಿದ್ದರು. ಹಳೆಯ ಅಂಗಿ, ಹರಿದ ಕಾರ್ಖಾನೆಯ ಬಟ್ಟೆ, ಹಿಟ್ಟಿನ ಚೀಲಗಳ ತುಂಡುಗಳನ್ನು ಸೇರಿಸಿ ಹೊಲಿದ ಆ ಕೌದಿಗಳು ಚಳಿಗೆ ಹೊದೆಯಲೆಂದು ಆದವು. 1966ರಲ್ಲಿ ಆ ಸೀಮೆಯ ಹೆಂಗಸರು ಹೊಲಿಗೆಯ ಸಹಕಾರ ಸಂಘವೊಂದನ್ನು ಕಟ್ಟಿಕೊಂಡರು. 2002ರಲ್ಲಿ ಅವು ಹ್ಯೂಸ್ಟನ್ನಿನ ಕಲಾಶಾಲೆಯಲ್ಲಿ, ಅನಂತರ ನ್ಯೂಯಾರ್ಕಿನ ವಿಟ್ನಿಯಲ್ಲಿ ಪ್ರದರ್ಶಿತವಾದವು. 2006ರಲ್ಲಿ ಅಂಚೆಚೀಟಿಯ ಮೇಲೆ ಅಚ್ಚಾದವು. ಊರು ಲೋಕದಿಂದ ಬೇರ್ಪಟ್ಟಿದ್ದರಿಂದಲೇ ಈ ಕಲೆ ಕೆಡದೆ ಉಳಿಯಿತೆಂದು ಹೊಗಳುವವರಿದ್ದಾರೆ. ಈ ಹೊಗಳಿಕೆಯನ್ನು ಎಚ್ಚರಿಕೆಯಿಂದ ಕೇಳಬೇಕು. ಕೌದಿ ಚೆನ್ನಾಗಿದೆಯೆಂಬುದು ನಿಜ. ಅದಕ್ಕಾಗಿ ದೋಣಿ ನಿಂತದ್ದು ಒಳಿತಾಯಿತೆಂಬ ಧ್ವನಿ ಅದರಲ್ಲಿ ಸುಳಿದರೆ ಅದು ನೀಚವಾದ ರಸಿಕತೆ. ಆ ಕೌದಿಗಳನ್ನು ಹೊಲಿದವರಲ್ಲಿ ಒಬ್ಬರಾದ ಮೇರಿ ಲೀ ಬೆಂಡಾಲ್ಫರ ಬಾಳನ್ನೂ ಮತ್ತೆ ಬರಲಿದ್ದ ದೋಣಿಯನ್ನೂ ಕುರಿತು ಲಾಸ್ ಏಂಜಲಿಸ್ಸಿನ ಪತ್ರಿಕೆಯಲ್ಲಿ ಜೆ. ಆರ್. ಮೊಯರಿಂಗರ್ ಬರೆದ ದೀರ್ಘ ಲೇಖನಕ್ಕೆ 2000ದಲ್ಲಿ ಪುಲಿಟ್ಜರ್ ಪಾರಿತೋಷಕ ಬಂತು. ಲೇಖನಕ್ಕೆ ಪಾರಿತೋಷಕ ಬಂದು ಆರು ವರ್ಷಗಳಾದ ಮೇಲೆ ದೋಣಿ ಬಂತು.

ದೋಣಿ ಮರಳಿದಾಗ ಋಣ ತೀರಿತೆ? 1962ರಲ್ಲಿ ಇಪ್ಪತ್ತು ವರ್ಷದವನಾಗಿದ್ದವನಿಗೆ 2006ರಲ್ಲಿ ಅರವತ್ತನಾಲ್ಕು. ಅವನು ದಾಟಬೇಕಾಗಿದ್ದ ದಿನಗಳಲ್ಲಿ ದಾಟಲಿಲ್ಲ. ಕೂಲಿಗೆ ಹೋಗಬಹುದಾಗಿದ್ದ ಪಟ್ಟಣ ಕಣ್ಣೆದುರಿಗೇ ಇದ್ದು ದೂರವಾಯಿತು. ಹಣದ ಸಾಲವನ್ನು ಬಡ್ಡಿಸಮೇತ ಹಿಂದಿರುಗಿಸುವ ಪದ್ಧತಿಯಿದೆ. ತಡೆದ ನಡಿಗೆಗೆ ಬಡ್ಡಿ ಕಟ್ಟುವ ಕೋಷ್ಟಕವನ್ನು ಯಾರೂ ಮಾಡಿಲ್ಲ. ಅಷ್ಟು ಹೊತ್ತಿಗೆ ಹಲವರ ಮನೆಯಂಗಳದಲ್ಲಿ ಕಾರು ಬಂದಿತ್ತು, ದೋಣಿಯ ಅಗತ್ಯ ಮೊದಲಿನಷ್ಟಿಲ್ಲವೆಂದು ಹೇಳುವವರೂ ಇದ್ದರು. ಸಾಲಗಾರನು ಸಾಲ ತೀರಿಸಲು ತಡಮಾಡಿದಷ್ಟೂ ಸಾಲ ಕೊಟ್ಟವನು ಬೇರೆ ಕಡೆಯಿಂದ ಹೇಗೋ ಬದುಕಿಕೊಂಡಿರುತ್ತಾನೆ. ಅದರಿಂದ ಸಾಲ ಕರಗುವುದಿಲ್ಲ.

2019ರಲ್ಲಿ ಆ ದೋಣಿಯ ಡೀಸೆಲ್ ಯಂತ್ರವನ್ನು ತೆಗೆದು ವಿದ್ಯುತ್ತಿನಿಂದ ಓಡುವಂತೆ ಮಾಡಿದರು. ಜನರನ್ನೂ ಮೋಟಾರುಗಳನ್ನೂ ಹೊತ್ತು ಹೊಗೆಯಿಲ್ಲದೆ ಓಡುವ ದೋಣಿಗಳಲ್ಲಿ ಅಮೆರಿಕದೇಶಕ್ಕೆಲ್ಲ ಅದೇ ಮೊದಲನೆಯದು. ದಡದಲ್ಲಿ ನಿಂತಾಗ ಅದರ ಕೋಶಗಳಿಗೆ ವಿದ್ಯುತ್ತು ತುಂಬುತ್ತದೆ. ಕಾಲು ಗಂಟೆಯಷ್ಟರಲ್ಲಿ ಆಚೆಯ ದಡ. ಆದರೆ ಅದು ಹಗಲಿನ ದೋಣಿ. ಕತ್ತಲಾದ ಮೇಲೆ ಗೀಸ್ ಬೆಂಡಿನಲ್ಲಿ ಒಂದು ಮಗುವಿಗೆ ಉಸಿರು ಕಟ್ಟಿದರೆ, ನೀರಿನಾಚೆಗೆ ಕಾಮ್‌ಡನ್ ಇದ್ದರೂ, ಗಾಡಿ ಹೊರಡುವುದು ನಲವತ್ತು ಮೈಲಿಯ ಹಳೆಯ ದಾರಿಯಲ್ಲಿಯೇ.